239 ಜನರ ಲೆಕ್ಕ

ಪ್ರತಿಯೊಂದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲೂ ಗಿಟಾರ್ ಇಟ್ಟುಕೊಂಡ ಒಬ್ಬ ಹುಡುಗ ಇದ್ದೇ ಇರ್ತಾನೆ. ಅವನಿಗೆ ಪೂರ್ತಿ ಬರೋದು ಮೂರೋ ನಾಲ್ಕೋ ಹಾಡು. ಅದರಲ್ಲಿ ಒಂದು 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್'. ನಮ್ಮ ಹಾಸ್ಟೆಲ್‌ನಲ್ಲೂ ಅಂಥವನೊಬ್ಬ ಇದ್ದ. ಅವನು ಹಾಡುವಾಗ ನಾವೆಲ್ಲ ದನಿಗೂಡಿಸುತ್ತಿದ್ದೆವು. ಆದ್ರೆ ಆ ಹಾಡಿನಲ್ಲಿ ಬರುವ ವೆಸ್ಟ್ ವರ್ಜೀನಿಯಾ ಅನ್ನೋ ರಾಜ್ಯ ಅಮೆರಿಕದ ಯಾವ ಮೂಲೆಯಲ್ಲಿದೆ ಅಂತ ಕೇಳಿದ್ದರೆ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಜಾನ್ ಡೆನ್ವರ್ ಆ ಹಾಡನ್ನು ಹೊರತಂದಿದ್ದು 1971ರಲ್ಲಿ. ಊರಿಗೆ ಮರಳುವ ಆಸೆಯ ಹಾಡು ಅದು. ಅದು ಬರುವ ಒಂದು ವರ್ಷದ ಮುಂಚೆ, 1970ರಲ್ಲಿ, ಅಮೆರಿಕದ ಜನಗಣತಿ ನಡೆದಿತ್ತು. ವೆಸ್ಟ್ ವರ್ಜೀನಿಯಾದಲ್ಲಿ ಸಿಕ್ಕ ಜನ 17,44,237. ಇಪ್ಪತ್ತು ವರ್ಷ ಹಿಂದೆ, 1950ರಲ್ಲಿ, ಅದೇ ರಾಜ್ಯದಲ್ಲಿದ್ದವರು 20,05,552. ಅಂದ್ರೆ ಊರಿಗೆ ಕರೆದುಕೊಂಡು ಹೋಗು ಅಂತ ಜಗತ್ತೇ ಹಾಡೋಕೆ ಶುರು ಮಾಡಿದ ಹೊತ್ತಿಗೆ, ಆ ಊರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಾಗಿತ್ತು.

2020ರ ಗಣತಿಯ ಲೆಕ್ಕ 17,93,716. ಇವತ್ತು ಅಮೆರಿಕದ ಐವತ್ತು ರಾಜ್ಯಗಳಲ್ಲಿ, 1950ರಲ್ಲಿದ್ದದ್ದಕ್ಕಿಂತ 2020ರಲ್ಲಿ ಕಮ್ಮಿ ಜನ ಇರುವ ರಾಜ್ಯ ಇದೊಂದೇ. ಅದೇ ಎಪ್ಪತ್ತು ವರ್ಷದಲ್ಲಿ ಇಡೀ ದೇಶದ ಜನಸಂಖ್ಯೆ ಎರಡು ಪಟ್ಟು ದಾಟಿದೆ. ಹಾಗಿದ್ರೆ ಈ ಒಂದು ರಾಜ್ಯಕ್ಕೆ ಏನಾಯ್ತು? ಇವತ್ತು ಅದನ್ನೇ ನೋಡೋಣ.

ಮೊದಲು ರಾಜ್ಯದ ಪರಿಚಯ. ಅಮೆರಿಕದ ಪೂರ್ವಭಾಗದಲ್ಲಿ ಅಪಲೇಷಿಯನ್ ಬೆಟ್ಟಸಾಲು ಇದೆ. ಆ ಬೆಟ್ಟಸೀಮೆಯ ಒಳಗೇ ಪೂರ್ತಿಯಾಗಿ ಕೂತಿರುವ ರಾಜ್ಯ ಇದು. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ವರ್ಜೀನಿಯಾದಿಂದ ಬೇರೆಯಾಯಿತು. 55 ಕೌಂಟಿಗಳು, ಅಂದ್ರೆ ನಮ್ಮ ಜಿಲ್ಲೆಗಳ ಥರದ ವಿಭಾಗಗಳು. ವಿಸ್ತೀರ್ಣ ಸುಮಾರು 62,700 ಚದರ ಕಿಲೋಮೀಟರ್. ಅಂದಾಜು ಸಿಗಬೇಕಾದರೆ ನಮ್ಮ ಮಂಡ್ಯ ಜಿಲ್ಲೆಯನ್ನು ನೆನೆಸಿಕೊಳ್ಳಿ. 2011ರ ಗಣತಿಯಲ್ಲಿ ಮಂಡ್ಯದಲ್ಲಿದ್ದವರು ಸುಮಾರು 18 ಲಕ್ಷ. ಹನ್ನೆರಡು ಮಂಡ್ಯಗಳಷ್ಟು ನೆಲದಲ್ಲಿ ಒಂದೇ ಮಂಡ್ಯದಷ್ಟು ಜನ, ಅದು ವೆಸ್ಟ್ ವರ್ಜೀನಿಯಾ. ಅರ್ಧಕ್ಕಿಂತ ಹೆಚ್ಚು ಮಂದಿ ಇರೋದು ಹಳ್ಳಿಗಳಲ್ಲಿ. ರಾಜಧಾನಿ ಚಾರ್ಲ್ಸ್‌ಟನ್‌ನಲ್ಲಿ 2020ರಲ್ಲಿ ಸಿಕ್ಕವರು 50 ಸಾವಿರಕ್ಕೂ ಕಮ್ಮಿ. 1960ರಲ್ಲಿ ಅಲ್ಲಿ 85 ಸಾವಿರಕ್ಕೂ ಹೆಚ್ಚು ಜನ ಇದ್ದರು.

ಜನಸಂಖ್ಯೆಯ ಲೆಕ್ಕ ಕಷ್ಟದ್ದು ಅಂತ ಅಂದುಕೊಳ್ಳಬೇಡಿ. ಮನೆಯ ಸಂಪನ್ನು ನೆನೆಸಿಕೊಳ್ಳಿ. ಒಳಗೆ ನೀರು ಬರೋಕೆ ಎರಡು ಪೈಪು: ಒಂದು ಹುಟ್ಟು, ಇನ್ನೊಂದು ಹೊರಗಿನಿಂದ ಬಂದು ನೆಲೆಸುವವರು. ಹೊರಗೆ ಹೋಗೋಕೆ ಎರಡು ಪೈಪು: ಒಂದು ಸಾವು, ಇನ್ನೊಂದು ಊರು ಬಿಡುವವರು. ಸಂಪಿನಲ್ಲಿ ನೀರು ಎಷ್ಟಿದೆ ಅಂತ ಮಾತ್ರ ನೋಡಿದ್ರೆ ಏನೂ ಗೊತ್ತಾಗಲ್ಲ. ಯಾವ ಪೈಪಿನಲ್ಲಿ ಏನಾಗ್ತಿದೆ ಅಂತ ನೋಡಬೇಕು.

1950ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಪೂರ್ತಿ ತೆರೆದುಕೊಂಡಿದ್ದು ಊರು ಬಿಡುವವರ ಪೈಪು. ಕಾರಣ ಕಲ್ಲಿದ್ದಲು. ಹಾಗಂತ ಕಲ್ಲಿದ್ದಲು ಖಾಲಿಯಾಗಿರಲಿಲ್ಲ. ಆಗಿದ್ದು ಬೇರೆ.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಈ ರಾಜ್ಯದ ಗಣಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿದ್ದರು. ಆಮೇಲೆ ಒಂದರ ಹಿಂದೆ ಒಂದು ಪೆಟ್ಟು. ರೈಲುಗಳು ಕಲ್ಲಿದ್ದಲು ಬಿಟ್ಟು ಡೀಸೆಲ್‌ಗೆ ಹೋದವು. ಮನೆ ಬೆಚ್ಚಗಿಡೋಕೆ ಜನ ತೈಲಕ್ಕೆ, ಗ್ಯಾಸ್‌ಗೆ ಹೋದರು. ಅದೇ ಹೊತ್ತಿಗೆ ಗಣಿಯೊಳಗೆ ಯಂತ್ರ ಬಂತು. ಸ್ಫೋಟಿಸಿ, ಅಗೆದು, ತುಂಬಿಸುವ ಹತ್ತಾರು ಜನರ ಕೆಲಸವನ್ನು ಒಂದೇ ಯಂತ್ರ ನಿಲ್ಲದೆ ಮಾಡತೊಡಗಿತು. 1950ರಲ್ಲಿ ಗಣಿ ಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಒಳ್ಳೇ ಸಂಬಳ, ಪಿಂಚಣಿ, ಆಸ್ಪತ್ರೆ ಖರ್ಚಿಗೆ ನಿಧಿ ಸಿಕ್ಕವು. ಅದಕ್ಕೆ ಬದಲಾಗಿ ಸಂಘ ಯಂತ್ರಕ್ಕೆ ಅಡ್ಡ ಬರಲಿಲ್ಲ. ಕೆಲಸ ಉಳಿದವರ ಬದುಕು ಸುಧಾರಿಸಿತು. ಉಳಿಯದವರು ಗಂಟುಮೂಟೆ ಕಟ್ಟಿದರು.

ಒಬ್ಬ ಇಂಜಿನಿಯರಿಂಗ್ ಪದವೀಧರನಾಗಿ ನನ್ನನ್ನು ಕಾಡುವ ಅಂಕಿ ಇಲ್ಲಿದೆ. 1990ರ ದಶಕದಲ್ಲಿ ಈ ರಾಜ್ಯ 1950ರಲ್ಲಿ ತೆಗೆದದ್ದಕ್ಕಿಂತ ಹೆಚ್ಚು ಕಲ್ಲಿದ್ದಲನ್ನು ನೆಲದಿಂದ ತೆಗೆಯಿತು. ಅದನ್ನು ತೆಗೆದ ಕಾರ್ಮಿಕರು ಹಿಂದಿನ ನಾಲ್ಕನೇ ಒಂದು ಭಾಗಕ್ಕಿಂತಲೂ ಕಮ್ಮಿ. ಉತ್ಪಾದನೆ ಏರಿದೆ, ಊರು ಖಾಲಿಯಾಗಿದೆ. ಕಲ್ಲಿದ್ದಲಿಗೆ ಮತ್ತೆ ಒಳ್ಳೇ ಕಾಲ ಬಂದ್ರೆ ಜನ ವಾಪಸ್ ಬರ್ತಾರೆ ಅಂತ ಪ್ರತಿ ಚುನಾವಣೆಯಲ್ಲೂ ಭಾಷಣ ಮಾಡುವವರು ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಹೋದವರು ಎಲ್ಲಿಗೆ ಹೋದರು? ಒಹಾಯೋದ ಅಕ್ರನ್‌ಗೆ ಟಯರ್ ಕಾರ್ಖಾನೆಗೆ, ಮಿಷಿಗನ್‌ನ ಡೆಟ್ರಾಯಿಟ್‌ಗೆ ಕಾರು ಕಾರ್ಖಾನೆಗೆ, ಕ್ಲೀವ್‌ಲ್ಯಾಂಡ್‌ಗೆ ಉಕ್ಕಿನ ಕೆಲಸಕ್ಕೆ. ಶಾಲೆಯಲ್ಲಿ ಮಕ್ಕಳು ಕಲಿಯೋದು ಮೂರೇ ವಿಷಯ, ಓದು, ಬರಹ, ಆಮೇಲೆ ಅಕ್ರನ್‌ಗೆ ಹೋಗುವ ದಾರಿ ಅಂತ ಅಲ್ಲಿನವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. 1950ರ ದಶಕವೊಂದರಲ್ಲೇ ಬಂದವರನ್ನು ಕಳೆದು ನೋಡಿದರೆ ಊರು ಬಿಟ್ಟವರು ನಾಲ್ಕು ಲಕ್ಷಕ್ಕೂ ಹೆಚ್ಚು. ಆಗಿನ್ನೂ ಹುಟ್ಟಿನ ಪೈಪು ಜೋರಾಗಿತ್ತು. ಅದಕ್ಕೇ ಸಂಪಿನ ಮಟ್ಟ ಅಷ್ಟೊಂದು ಇಳಿದ ಹಾಗೆ ಕಾಣಲಿಲ್ಲ.

1970ರ ದಶಕದಲ್ಲಿ ಒಂದು ತಿರುವು ಬಂತು. 1973ರ ತೈಲ ಬಿಕ್ಕಟ್ಟಿನಿಂದ ಕಲ್ಲಿದ್ದಲಿಗೆ ಮತ್ತೆ ಬೇಡಿಕೆ ಹುಟ್ಟಿತು. ಹೋದವರಲ್ಲಿ ಎಷ್ಟೋ ಮಂದಿ ವಾಪಸ್ ಬಂದರು. 1980ರಲ್ಲಿ ಜನಸಂಖ್ಯೆ 19 ಲಕ್ಷ ದಾಟಿ 20ರ ಹತ್ತಿರ ಬಂತು. ಹಾಡು ನಿಜವಾಯ್ತು ಅಂತ ಅನ್ನಿಸಿರಬೇಕು. ಹತ್ತೇ ವರ್ಷ. ತೈಲದ ಬೆಲೆ ಬಿತ್ತು, ಉಕ್ಕಿನ ಕಾರ್ಖಾನೆಗಳು ಕುಸಿದವು. 1990ರ ಗಣತಿಯಲ್ಲಿ ಸಿಕ್ಕವರು 17,93,477.

ಈ ಸಂಖ್ಯೆಯನ್ನು 2020ರ ಸಂಖ್ಯೆಯ ಪಕ್ಕ ಇಡಿ. 17,93,477 ಮತ್ತು 17,93,716. ಮೂವತ್ತು ವರ್ಷದ ಅಂತರದಲ್ಲಿ ವ್ಯತ್ಯಾಸ 239 ಜನ. ಒಂದು ಮದುವೆ ಊಟದ ಪಂಕ್ತಿಯಷ್ಟು ಜನ! ನೋಡಿದ ತಕ್ಷಣ ಏನನ್ನಿಸುತ್ತೆ? ಸದ್ಯ, ಇಳಿಯೋದು ನಿಂತಿತಲ್ಲ, ರಾಜ್ಯ ಸ್ಥಿರವಾಗಿದೆ ಅಂತ. ಮೋಸ ಇರೋದೇ ಇಲ್ಲಿ.

ಮೊದಲ ಮೋಸ, ಜಾಗದ್ದು. ರಾಜ್ಯದ ದಕ್ಷಿಣದ ತುದಿಯಲ್ಲಿ ಮ್ಯಾಕ್‌ಡೊವೆಲ್ ಕೌಂಟಿ ಇದೆ, ಕಲ್ಲಿದ್ದಲಿನ ಹೃದಯಭಾಗ. 1950ರಲ್ಲಿ ಅಲ್ಲಿದ್ದವರು 98,887. 1990ರಲ್ಲಿ 35,233. 2020ರಲ್ಲಿ 19,111. ಎಪ್ಪತ್ತು ವರ್ಷದಲ್ಲಿ ಹತ್ತರಲ್ಲಿ ಎಂಟು ಪಾಲು ಮಾಯ. ಅಧ್ಯಕ್ಷ ಜಾನ್ ಕೆನಡಿ 1961ರಲ್ಲಿ ಬಡವರಿಗೆ ಆಹಾರ ಕೂಪನ್ ಯೋಜನೆಯನ್ನು ಪ್ರಯೋಗವಾಗಿ ಶುರು ಮಾಡಿದಾಗ ದೇಶದ ಮೊದಲ ಕೂಪನ್ ಪಡೆದ ಕುಟುಂಬ ಇದೇ ಕೌಂಟಿಯದು. 'ಅಕ್ಟೋಬರ್ ಸ್ಕೈ' ಸಿನಿಮಾ ನೋಡಿದ್ದರೆ ಅದರಲ್ಲಿ ಬರುವ ಕೋಲ್‌ವುಡ್ ಊರೂ ಇಲ್ಲಿಯದೇ. ಸ್ಪುಟ್ನಿಕ್ ನೋಡಿ ರಾಕೆಟ್ ಮಾಡಲು ಹೊರಟ ಗಣಿ ಊರಿನ ಹುಡುಗರ ನಿಜ ಕಥೆ ಅದು. ಕಥೆಯ ನಾಯಕ ಹೋಮರ್ ಹಿಕಮ್ ಮುಂದೆ ನಾಸಾದಲ್ಲಿ ಇಂಜಿನಿಯರ್ ಆದರು. ನಮಗೆಲ್ಲ ಅದು ಸ್ಫೂರ್ತಿಯ ಸಿನಿಮಾ. ಸ್ವಲ್ಪ ಊರಿನ ಕಡೆಯಿಂದ ಯೋಚಿಸಿ. ಅತಿ ಬುದ್ಧಿವಂತ ಹುಡುಗ ಗೆದ್ದ ಅಂದ್ರೆ ಊರು ಬಿಟ್ಟ ಅಂತಲೇ ಅರ್ಥ.

ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ, ಪೂರ್ವದಲ್ಲಿ, ಬರ್ಕ್ಲಿ ಕೌಂಟಿ ಇದೆ. 1990ರಲ್ಲಿ 59 ಸಾವಿರ ಜನ. 2020ರಲ್ಲಿ 1,22,076. ಎರಡು ಪಟ್ಟು! ಯಾಕೆ? ವಾಷಿಂಗ್ಟನ್ ನಗರಕ್ಕೆ ಹತ್ತಿರ. ರಾಜಧಾನಿಯಲ್ಲಿ ಕೆಲಸ, ಇಲ್ಲಿ ಕಮ್ಮಿ ದುಡ್ಡಿಗೆ ಮನೆ. ಇಲ್ಲಿನ ಮಾರ್ಟಿನ್ಸ್‌ಬರ್ಗ್‌ನಿಂದ ಬೆಳಿಗ್ಗೆ ರೈಲು ಹತ್ತಿದರೆ ವಾಷಿಂಗ್ಟನ್‌ನಲ್ಲಿ ಇಳಿಯಬಹುದು. ಇಲ್ಲಿ ತುಂಬಿದ ನೀರು, ಅಲ್ಲಿ ಸೋರಿದ ನೀರು, ಎರಡೂ ಸೇರಿ ಒಟ್ಟು ಮಟ್ಟ ಅಲ್ಲಾಡಿಲ್ಲ ಅನ್ನೋ ಭ್ರಮೆ.

ಎರಡನೇ ಮೋಸ ಇದಕ್ಕಿಂತ ಆಳವಾದದ್ದು. ಅದು ವಯಸ್ಸಿನದ್ದು.

ಒಂದು ಕಾಲ್ಪನಿಕ ಊರು ತಗೊಳ್ಳೋಣ. ಅಲ್ಲಿ 25 ವರ್ಷದ 100 ಜನ ಇದ್ದಾರೆ. ಅವರಲ್ಲಿ 40 ಮಂದಿ ಕೆಲಸ ಹುಡುಕಿಕೊಂಡು ಹೋದರು. ಉಳಿದ 60 ಮಂದಿಯಲ್ಲಿ 30 ಜೋಡಿ, ಜೋಡಿಗೆ ಇಬ್ಬರಂತೆ 60 ಮಕ್ಕಳು. ಆ ಮಕ್ಕಳು ದೊಡ್ಡವರಾದಾಗ ಮತ್ತೆ ನೂರಕ್ಕೆ 40ರಂತೆ ಹೋದರೆ ಉಳಿಯೋದು 36. ಅವರಿಗೆ ಹುಟ್ಟೋದು 36. ಎರಡೇ ತಲೆಮಾರಿಗೆ 100 ಇದ್ದದ್ದು 36ಕ್ಕೆ ಇಳಿಯಿತು. ಯಾರೂ ಕುಟುಂಬ ಯೋಜನೆ ಅಂತ ಹೇಳಲಿಲ್ಲ, ಯಾವ ರೋಗವೂ ಬರಲಿಲ್ಲ. ಊರು ಬಿಡುವ ಯುವಕ ಒಬ್ಬನೇ ಹೋಗೋದಿಲ್ಲ ನೋಡಿ. ಮುಂದೆ ಆ ಊರಿನಲ್ಲಿ ಹುಟ್ಟಬೇಕಿದ್ದ ಮಕ್ಕಳನ್ನೂ ಜೊತೆಗೇ ಕರೆದುಕೊಂಡು ಹೋಗ್ತಾನೆ.

ಆದ್ರೆ ಉಳಿದ ಆ ಮೊದಲ 60 ಮಂದಿ ಎಂಬತ್ತು ವರ್ಷದ ತನಕ ಊರಲ್ಲೇ ಇರ್ತಾರೆ. ಹಾಗಾಗಿ ತಲೆ ಎಣಿಸಿದರೆ ಲೆಕ್ಕ ತಕ್ಷಣ ಇಳಿಯೋದಿಲ್ಲ. ಐವತ್ತು ವರ್ಷ ಆದಮೇಲೆ, ಅವರು ಒಬ್ಬೊಬ್ಬರಾಗಿ ಹೊರಟಾಗ, ಅವರ ಜಾಗ ತುಂಬೋಕೆ ಮಕ್ಕಳಿಲ್ಲ ಅನ್ನೋದು ಕಾಣುತ್ತೆ.

ವೆಸ್ಟ್ ವರ್ಜೀನಿಯಾದಲ್ಲಿ ಆಗಿದ್ದು ಇದೇ. 1990ರ ದಶಕದ ಕೊನೆಯಿಂದ ಅಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚಾಗತೊಡಗಿದರು. ಅಮೆರಿಕದ ಬೇರೆ ರಾಜ್ಯಗಳಲ್ಲಿ ಈ ಸ್ಥಿತಿ ಬರುವ ಎಷ್ಟೋ ವರ್ಷ ಮುಂಚೆಯೇ ಇಲ್ಲಿ ಬಂದಾಗಿತ್ತು. ಈಗ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 17 ಸಾವಿರ, ಸಾವುಗಳು 20 ಸಾವಿರಕ್ಕೂ ಹೆಚ್ಚು. ಐದು ಜನರಲ್ಲಿ ಒಬ್ಬರು 65 ದಾಟಿದವರು.

ಇದಕ್ಕೆ ಇನ್ನೊಂದು ದುರಂತವೂ ಸೇರಿಕೊಂಡಿತು. ಗಣಿಯಲ್ಲಿ ಬೆನ್ನು ಮುರಿದುಕೊಂಡ ಜನರಿಗೆ ನೋವಿನ ಮಾತ್ರೆ ಕೊಡ್ತಾ ಕೊಡ್ತಾ ಔಷಧ ಕಂಪನಿಗಳು ಇಡೀ ಸೀಮೆಯನ್ನೇ ಚಟಕ್ಕೆ ತಳ್ಳಿದವು. ಕೆರ್ಮಿಟ್ ಅನ್ನೋ ಊರಿನ ಜನಸಂಖ್ಯೆ ಸುಮಾರು 400. ಆ ಊರಿನ ಒಂದು ಔಷಧ ಅಂಗಡಿಗೆ ಎರಡು ವರ್ಷದಲ್ಲಿ ಬಂದ ನೋವಿನ ಮಾತ್ರೆಗಳು 90 ಲಕ್ಷದ ಹತ್ತಿರ. ಇದನ್ನು ಬಯಲಿಗೆ ತಂದವರು ಚಾರ್ಲ್ಸ್‌ಟನ್‌ನ ಸ್ಥಳೀಯ ಪತ್ರಿಕೆಯ ವರದಿಗಾರ ಎರಿಕ್ ಐರ್. 2017ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 2021ರಲ್ಲಿ ರಾಜ್ಯದಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತವರು ಲಕ್ಷಕ್ಕೆ 90ಕ್ಕೂ ಹೆಚ್ಚು, ದೇಶದಲ್ಲೇ ಅತಿ ಹೆಚ್ಚು. ಹೀಗೆ ಸತ್ತವರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು, ಮಕ್ಕಳ ಅಪ್ಪ ಅಮ್ಮಂದಿರು. ಎಷ್ಟೋ ಮನೆಗಳಲ್ಲಿ ಈಗ ಮೊಮ್ಮಕ್ಕಳನ್ನು ಸಾಕುತ್ತಿರುವವರು ಅಜ್ಜ ಅಜ್ಜಿ.

ಸರಿ, ನಾಲ್ಕನೇ ಪೈಪು ಏನಾಯ್ತು, ಹೊರಗಿನಿಂದ ಬರುವವರದ್ದು? ಅಮೆರಿಕ ಬೆಳೆಯುತ್ತಿರೋದೇ ವಲಸಿಗರಿಂದ. ದೇಶದಲ್ಲಿ ಸುಮಾರು ನೂರಕ್ಕೆ 14 ಮಂದಿ ವಿದೇಶದಲ್ಲಿ ಹುಟ್ಟಿದವರು. ನಮ್ಮ ಕನ್ನಡದ ಹುಡುಗರು ಟೆಕ್ಸಾಸ್‌ಗೆ ಹೋಗ್ತಾರೆ, ಕ್ಯಾಲಿಫೋರ್ನಿಯಾಗೆ ಹೋಗ್ತಾರೆ, ನ್ಯೂಜೆರ್ಸಿಗೆ ಹೋಗ್ತಾರೆ. ವೆಸ್ಟ್ ವರ್ಜೀನಿಯಾದಲ್ಲಿ ವಿದೇಶದಲ್ಲಿ ಹುಟ್ಟಿದವರು ನೂರಕ್ಕೆ ಇಬ್ಬರೂ ಇಲ್ಲ. ಕೆಲಸ ಇಲ್ಲದ ಕಡೆ ಹೊರಗಿನವರು ಬರಲ್ಲ. ಹೊರಗಿನವರು ಬಾರದ ಕಡೆ ಮಕ್ಕಳು ಕಮ್ಮಿ, ಅಂಗಡಿ ಕಮ್ಮಿ, ಹೊಸ ಕೆಲಸ ಕಮ್ಮಿ. ಕಲ್ಲಿದ್ದಲಿನ ಕೌಂಟಿಗಳಲ್ಲಿ ಇನ್ನೊಂದು ತೊಡಕು: ಸಮತಟ್ಟಾದ ನೆಲವೇ ಅಪರೂಪ, ಇರುವ ಭೂಮಿಯಲ್ಲಿ ದೊಡ್ಡ ಪಾಲು ಹೊರಗಿನ ಕಂಪನಿಗಳ ಹೆಸರಲ್ಲಿದೆ, ಮಳೆ ಜೋರಾದರೆ ಕಣಿವೆಗಳಲ್ಲಿ ಪ್ರವಾಹ. ಕಾರ್ಖಾನೆ ಕಟ್ಟೋಣ ಅಂದ್ರೂ ಎಲ್ಲಿ ಕಟ್ಟೋದು?

ಸರ್ಕಾರ ಸುಮ್ಮನೆ ಕೂತಿಲ್ಲ. 2021ರಲ್ಲಿ 'ಅಸೆಂಡ್' ಅನ್ನೋ ಯೋಜನೆ ಬಂತು. ಮನೆಯಿಂದಲೇ ಕೆಲಸ ಮಾಡುವ ಉದ್ಯೋಗ ಇದ್ದವರು ಬೇರೆ ರಾಜ್ಯದಿಂದ ಬಂದು ಇಲ್ಲಿ ನೆಲೆಸಿದರೆ ಎರಡು ವರ್ಷದಲ್ಲಿ 12 ಸಾವಿರ ಡಾಲರ್ ಕೈಗೆ. ಇದಕ್ಕೆ ದೊಡ್ಡ ದೇಣಿಗೆ ಕೊಟ್ಟವರು ಬ್ರಾಡ್ ಸ್ಮಿತ್. ಇದೇ ರಾಜ್ಯದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾಗೆ ಹೋಗಿ ಇನ್‌ಟ್ಯೂಟ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಆಮೇಲೆ ಊರಿಗೆ ಮರಳಿ ಮಾರ್ಷಲ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಹಾಡನ್ನು ನಿಜ ಮಾಡಿದ ಒಬ್ಬರು ಅಂತಾದರೂ ಹೇಳಬಹುದು.

ಇದರಿಂದ ಏನಾದ್ರೂ ಆಯ್ತಾ? 2020ರ ನಂತರದ ಕೆಲವು ವರ್ಷಗಳ ಅಂದಾಜಿನಲ್ಲಿ, ಈ ರಾಜ್ಯಕ್ಕೆ ಬಂದವರು ಬಿಟ್ಟುಹೋದವರಿಗಿಂತ ಸ್ವಲ್ಪ ಹೆಚ್ಚೇ ಇದ್ದರು. ನೋಡಿ, ಎಪ್ಪತ್ತು ವರ್ಷದಿಂದ ಸೋರುತ್ತಿದ್ದ ಪೈಪು ಕೊನೆಗೂ ನಿಂತಿತು! ಆದರೂ ಒಟ್ಟು ಜನಸಂಖ್ಯೆ ಇಳಿಯಿತು. ಯಾಕಂದ್ರೆ ಈಗ ನೀರು ಹೋಗ್ತಿರೋದು ಬೇರೆ ಪೈಪಿನಿಂದ. ಹುಟ್ಟು ಸಾವಿನ ಅಂತರ ಎಷ್ಟಿದೆ ಅಂದ್ರೆ ಬಂದ ಆ ಕೆಲವು ಸಾವಿರ ಜನ ಅದನ್ನು ತುಂಬಲಾರರು. 1955ರಲ್ಲಿ ಅಕ್ರನ್ ಬಸ್ ಹತ್ತಿದವನ ಲೆಕ್ಕ ಇವತ್ತು ಚುಕ್ತಾ ಆಗ್ತಿದೆ.

ಇದರ ಬಿಲ್ಲು ಕಟ್ಟುವವರು ಯಾರು? ಉಳಿದವರು. ಬೆಟ್ಟದ ಸಂದಿಯಲ್ಲಿರುವ ಹಳ್ಳಿಗೆ ಹತ್ತು ಕಿಲೋಮೀಟರ್ ಪೈಪ್ ಎಳೆದು ನೀರು ಕೊಡಬೇಕು ಅಂತಿಟ್ಟುಕೊಳ್ಳಿ. ಮನೆ ನೂರಿದ್ದರೂ ಹತ್ತು ಕಿಲೋಮೀಟರ್, ಇಪ್ಪತ್ತಿದ್ದರೂ ಹತ್ತೇ ಕಿಲೋಮೀಟರ್. ಜನ ಐದನೇ ಒಂದಾದರು ಅಂತ ಪೈಪು ಐದನೇ ಒಂದಾಗಲ್ಲ. ಮ್ಯಾಕ್‌ಡೊವೆಲ್‌ನಲ್ಲಿ ಎಷ್ಟೋ ನೀರಿನ ವ್ಯವಸ್ಥೆಗಳನ್ನು ಕಟ್ಟಿದ್ದು ಗಣಿ ಕಂಪನಿಗಳು. ಕಂಪನಿ ಹೋಯ್ತು, ತುಕ್ಕು ಹಿಡಿದ ಪೈಪು ಉಳೀತು. ಕುದಿಸದೆ ಕುಡಿಯಬೇಡಿ ಅನ್ನೋ ಎಚ್ಚರಿಕೆ ಅಲ್ಲಿ ಮಾಮೂಲು. ಶಾಲೆಗೆ ಅನುದಾನ ಬರೋದು ಮಕ್ಕಳ ತಲೆ ಎಣಿಸಿ, ಹಾಗಾಗಿ ಶಾಲೆಗಳು ಮುಚ್ಚಿ ಒಂದಕ್ಕೊಂದು ಸೇರುತ್ತವೆ, ಮಕ್ಕಳ ಬಸ್ ಪ್ರಯಾಣ ಉದ್ದ ಆಗುತ್ತೆ. ಅಲ್ಲಿನ ವಾಲ್‌ಮಾರ್ಟ್ 2016ರಲ್ಲಿ ಬಾಗಿಲು ಹಾಕಿತು. ರಾಜ್ಯದ ದೊಡ್ಡ ವಿಶ್ವವಿದ್ಯಾಲಯ, ಮಾರ್ಗನ್‌ಟೌನ್‌ನಲ್ಲಿರುವ ವೆಸ್ಟ್ ವರ್ಜೀನಿಯಾ ವಿವಿ, ವಿದ್ಯಾರ್ಥಿಗಳು ಕಮ್ಮಿಯಾಗಿ ಹಣದ ಕೊರತೆ ಬಂದು 2023ರಲ್ಲಿ 28 ಕೋರ್ಸುಗಳನ್ನು, 143 ಅಧ್ಯಾಪಕರ ಹುದ್ದೆಗಳನ್ನು ತೆಗೆಯಲು ನಿರ್ಧರಿಸಿತು.

ಇನ್ನು ಸ್ವಂತ ಮನೆಯಲ್ಲಿ ವಾಸಿಸುವವರ ಪ್ರಮಾಣದಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನ ಈ ಬಡ ರಾಜ್ಯದ್ದು. ಹೆಮ್ಮೆಯ ಮಾತೇ. ಆದ್ರೆ ಜನ ಬಿಟ್ಟುಹೋಗುತ್ತಿರುವ ಊರಿನಲ್ಲಿ ಆ ಮನೆ ಕೊಳ್ಳೋರು ಯಾರು? ಎಪ್ಪತ್ತು ವರ್ಷದ ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೋಗೋಣ ಅಂದ್ರೂ, ಬಂದ ದುಡ್ಡಿನಲ್ಲಿ ಅಲ್ಲಿ ಒಂದು ರೂಮೂ ಸಿಗಲ್ಲ.

ಕೊನೆಗೆ ರಾಜಕೀಯ. ಅಮೆರಿಕದ ಪ್ರತಿನಿಧಿಗಳ ಸಭೆಯಲ್ಲಿ ಒಟ್ಟು 435 ಸೀಟು. ಹತ್ತು ವರ್ಷಕ್ಕೊಮ್ಮೆ ಗಣತಿ ಆದಮೇಲೆ ಅದೇ 435ನ್ನು ರಾಜ್ಯಗಳಿಗೆ ಹೊಸದಾಗಿ ಹಂಚುತ್ತಾರೆ. 1950ರ ದಶಕದಲ್ಲಿ ವೆಸ್ಟ್ ವರ್ಜೀನಿಯಾಕ್ಕೆ ಆರು ಸೀಟಿದ್ದವು. ಆಮೇಲೆ ಐದು, ನಾಲ್ಕು, ಮೂರು. 2010ರಿಂದ 2020ರ ನಡುವೆ ಮೂರೇ ರಾಜ್ಯಗಳ ಜನಸಂಖ್ಯೆ ಇಳಿಯಿತು, ಪ್ರಮಾಣದಲ್ಲಿ ಅತಿ ಹೆಚ್ಚು ಇಳಿದದ್ದು ಇಲ್ಲಿ. ಫಲ, ಈಗ ಎರಡೇ ಸೀಟು. ಆದರೆ ಸೆನೆಟ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ದೊಡ್ಡ ರಾಜ್ಯಕ್ಕೂ ಇಬ್ಬರು, ಚಿಕ್ಕದಕ್ಕೂ ಇಬ್ಬರು. ನಾಲ್ಕು ಕೋಟಿ ಹತ್ತಿರ ಜನ ಇರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ. ಅದಕ್ಕೇ 2021ರಲ್ಲಿ ಸೆನೆಟ್ 50-50 ಆಗಿದ್ದಾಗ ಈ ರಾಜ್ಯದ ಜೋ ಮಾಂಚಿನ್ ಒಬ್ಬರು 'ಆಗಲ್ಲ' ಅಂದದ್ದಕ್ಕೆ ಅಧ್ಯಕ್ಷ ಬೈಡನ್ ಅವರ ದೊಡ್ಡ ಯೋಜನೆ ನಿಂತುಹೋಯಿತು.

ನಮ್ಮಲ್ಲೂ ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ಬಂದಾಗಲೆಲ್ಲ ಜನಸಂಖ್ಯೆ ಕಮ್ಮಿ ಬೆಳೆದ ರಾಜ್ಯಗಳಿಗೆ ಸೀಟು ಕಮ್ಮಿಯಾಗುತ್ತಾ ಅಂತ ಕೇಳ್ತೀವಿ. 1976ರಲ್ಲಿ ಲೋಕಸಭೆಯ ಸೀಟು ಹಂಚಿಕೆಯನ್ನು 1971ರ ಗಣತಿಗೆ ಕಟ್ಟಿಹಾಕಿದ್ದೇ ಆ ಭಯದಿಂದ. ಆದ್ರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕರ್ನಾಟಕದ ಬೆಳವಣಿಗೆ ನಿಧಾನವಾಗಿದ್ದು ಚಿಕ್ಕ ಸಂಸಾರ ಸಾಕು ಅಂತ ಜನ ತೀರ್ಮಾನಿಸಿದ್ದರಿಂದ. ವೆಸ್ಟ್ ವರ್ಜೀನಿಯಾ ಕುಗ್ಗಿದ್ದು ಇರೋಕೆ ದಾರಿ ಇಲ್ಲದೆ ಜನ ಹೊರಟಿದ್ದರಿಂದ. ಅಮೆರಿಕದ ಸೂತ್ರ ಯಾಕೆ ಕಮ್ಮಿಯಾದಿರಿ ಅಂತ ಕೇಳೋದಿಲ್ಲ, ಎಷ್ಟಿದ್ದೀರಿ ಅಂತ ಮಾತ್ರ ಕೇಳುತ್ತೆ.

ಆ ಹಾಡನ್ನು 2014ರಲ್ಲಿ ವೆಸ್ಟ್ ವರ್ಜೀನಿಯಾ ತನ್ನ ಅಧಿಕೃತ ರಾಜ್ಯಗೀತೆಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಮಾರ್ಗನ್‌ಟೌನ್‌ನ ಫುಟ್‌ಬಾಲ್ ಮೈದಾನದಲ್ಲಿ ತಂಡ ಗೆದ್ದಾಗಲೆಲ್ಲ ಇಡೀ ಮೈದಾನ ಎದ್ದು ನಿಂತು ಅದನ್ನು ಹಾಡುತ್ತೆ. ಹಾಗೆ ಹಾಡುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಪದವಿ ಸಿಕ್ಕ ಮೇಲೆ ಕಾರಿಗೆ ಸಾಮಾನು ತುಂಬಿಕೊಂಡು ರಾಜ್ಯದ ಗಡಿ ದಾಟ್ತಾರೆ. ಅವರನ್ನು ದೂರೋ ಹಕ್ಕು ನನಗಿಲ್ಲ, ಹಾಸ್ಟೆಲ್‌ನಲ್ಲಿ ನಮ್ಮ ಜೊತೆ ಹಾಡಿದವರಲ್ಲೂ ಊರಿಗೆ ವಾಪಸ್ ಹೋದವರು ಕಮ್ಮಿಯೇ. ಆದ್ರೆ ಇನ್ನು ಮುಂದೆ ಯಾರಾದ್ರೂ ಒಂದು ಊರಿನ ಜನಸಂಖ್ಯೆ ಇಷ್ಟು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ, ಎರಡನೇ ಪ್ರಶ್ನೆ ಕೇಳಿ. ಅಲ್ಲಿ ಇರುವವರ ವಯಸ್ಸೆಷ್ಟು?